ಓದುಗರ ಪ್ರಶ್ನೆ, ನಮ್ಮ ಉತ್ತರ: ಪೋಷಕ ನಟ ಹ್ಯಾರಿ ಡೀನ್ ಸ್ಟ್ಯಾಂಟನ್

ಕಳೆದ ಸಂಚಿಕೆಯಲ್ಲಿ ವಿಮ್ ವೆಂಡರ್ಸ್ ನಿರ್ದೇಶನದ ‘ಪ್ಯಾರಿಸ್, ಟೆಕ್ಸಸ್’ ಚಿತ್ರದ ಬಗ್ಗೆ ಬಂದ ಪ್ರಶ್ನೆಗೆ ಉತ್ತರಿಸುವಾಗ, ಅದರ ಮುಖ್ಯ ಪಾತ್ರಧಾರಿ ಹ್ಯಾರಿ ಡೀನ್ ಸ್ಟ್ಯಾಂಟನ್ ಅವರ ಹೆಸರನ್ನು ಹೇಳಿ ಮುಂದೆ ಸಾಗಿದ್ದೆವು. ಆ ನಟನ ಬಗೆಗೇ ತಿಳಿಸಿರೆಂದು ಅನೇಕರು ಬರೆದಿದ್ದಾರೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ, ಈ ಬಾರಿಯ ಪುಟಗಳನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಸ್ಟ್ಯಾಂಟನ್ ಯಾವ ಊರಿನವರು? ಸಿನಿಮಾಕ್ಕೆ ಬರುವ ಮುನ್ನ ಏನು ಮಾಡುತ್ತಿದ್ದರು? (ಓದುಗರೊಬ್ಬರು, ಧಾರವಾಡ)

ಅವರು ಹುಟ್ಟಿದ್ದು 1926ರ ಜುಲೈ 14ರಂದು, ಅಮೆರಿಕದ ಕೆಂಟಕಿ ರಾಜ್ಯದ ವೆಸ್ಟ್ ಅರ್ವಿನ್ ಎಂಬ ಸಣ್ಣ ಊರಿನಲ್ಲಿ. ತಂದೆ ತಂಬಾಕು ಬೆಳೆಯುತ್ತಿದ್ದ ರೈತ. ಜೊತೆಗೆ ಕ್ಷೌರದ ಕೆಲಸವನ್ನೂ ಮಾಡುತ್ತಿದ್ದರು. ತಾಯಿ ಅಡುಗೆಯ ಕೆಲಸದಲ್ಲಿದ್ದರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಸ್ಟ್ಯಾಂಟನ್ ನೌಕಾಪಡೆಗೆ ಸೇರಿ, ಟ್ಯಾಂಕುಗಳನ್ನು ದಡಕ್ಕಿಳಿಸುವ ಹಡಗೊಂದರಲ್ಲಿ ಅಡುಗೆಯವರಾದರು. 1945ರಲ್ಲಿ ಜಪಾನಿನ ಓಕಿನಾವಾ ದ್ವೀಪಕ್ಕಾಗಿ ನಡೆದ ಭೀಕರ ಕದನವನ್ನು ಅವರು ಕಂಡದ್ದು ಆ ಹಡಗಿನಿಂದಲೇ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ಉತ್ತರವೊಂದಕ್ಕೆ ಅದು ಬೇಕಾಗುತ್ತದೆ.

ಯುದ್ಧ ಮುಗಿಸಿ ಬಂದ ಮೇಲೆ ಲೆಕ್ಸಿಂಗ್ಟನ್‌ನ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಮತ್ತು ರೇಡಿಯೊ ಕಲೆಯನ್ನು ಓದತೊಡಗಿದರು. ಅಲ್ಲಿಯ ರಂಗಮಂದಿರದಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದಲ್ಲಿ ಪಾತ್ರ ವಹಿಸಿದ್ದೇ ತಿರುವಾಯಿತು. ನಿರ್ದೇಶಕ ವಾಲೆಸ್ ಬ್ರಿಗ್ಸ್ ಅವರ ಪ್ರೋತ್ಸಾಹದಿಂದ ಓದನ್ನು ಅರ್ಧಕ್ಕೆ ಬಿಟ್ಟು, ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಪ್ಲೇಹೌಸ್ ಎಂಬ ನಾಟಕಶಾಲೆಗೆ ಸೇರಿದರು. 1954ರಲ್ಲಿ ಟೆಲಿವಿಷನ್ನಿನಲ್ಲಿ ಮೊದಲ ಪಾತ್ರ, 1957ರಲ್ಲಿ ಮೊದಲ ಸಿನಿಮಾ. ಹೊಟ್ಟೆಪಾಡಿಗೆ ಇಷ್ಟು ದೂರ ಬಂದರೂ ಕೆಂಟಕಿಯ ಎಳೆದಾಡುವ ಮಾತಿನ ಧಾಟಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಪ್ರಶ್ನೆ: ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಸಣ್ಣ ಪಾತ್ರಗಳನ್ನೇ ಮಾಡಿದರೆಂದು ಓದಿದೆ. ಅಷ್ಟರಿಂದ ಒಬ್ಬ ನಟ ಜೀವನ ಸಾಗಿಸಲು ಹೇಗೆ ಸಾಧ್ಯವಾಯಿತು? (ಹವ್ಯಾಸಿ ರಂಗನಟರೊಬ್ಬರು, ತುಮಕೂರು)

ಸ್ಟ್ಯಾಂಟನ್ ಹಾಲಿವುಡ್ಡಿಗೆ ಬಂದ ಹೊತ್ತಿಗೆ ಅಮೆರಿಕದ ಟೆಲಿವಿಷನ್ನಿನಲ್ಲಿ ವೆಸ್ಟರ್ನ್, ಅಂದರೆ ಹಳೆಯ ಪಶ್ಚಿಮ ಅಮೆರಿಕದ ಕುದುರೆ-ಬಂದೂಕುಗಳ ಕತೆ ಹೇಳುವ, ಧಾರಾವಾಹಿಗಳ ಸುಗ್ಗಿಯಾಗಿತ್ತು. ‘ಗನ್‌ಸ್ಮೋಕ್’ ಒಂದನ್ನೇ ನೋಡಿ: 1955ರಿಂದ 1975ರವರೆಗೆ ಇಪ್ಪತ್ತು ವರ್ಷ ಓಡಿ 635 ಕಂತುಗಳನ್ನು ಮುಗಿಸಿತು. ಇಂದಿನ ನಮ್ಮ ಧಾರಾವಾಹಿಗಳಂತೆ ಕತೆ ಕಂತಿನಿಂದ ಕಂತಿಗೆ ಮುಂದುವರಿಯುತ್ತಿರಲಿಲ್ಲ. ವಾರಕ್ಕೊಂದು ಕತೆ ಹುಟ್ಟಿ ಅಂದೇ ಮುಗಿಯುತ್ತಿತ್ತು. ಊರಿನ ಮಾರ್ಷಲ್, ವೈದ್ಯ, ಮದ್ಯದಂಗಡಿಯ ಒಡತಿ ಎಂದಿನವರೇ. ಆದರೆ ದನಗಳ್ಳ, ಜೂಜುಕೋರ, ಸುಳ್ಳುಸಾಕ್ಷಿ ಹೇಳುವವನು, ಅಣ್ಣನ ಸಾವಿಗೆ ಸೇಡು ತೀರಿಸಿಕೊಳ್ಳಲು ಬಂದವನು, ಇವರೆಲ್ಲ ಪ್ರತಿ ವಾರವೂ ಹೊಸಬರಾಗಿರಬೇಕಿತ್ತು. ಆ ದಿನಗಳಲ್ಲಿ ವರ್ಷಕ್ಕೆ 39 ಕಂತುಗಳನ್ನು ತಯಾರಿಸುವುದು ವಾಡಿಕೆಯಾಗಿತ್ತು. ಇಂಥ ಧಾರಾವಾಹಿಗಳು ಏಕಕಾಲಕ್ಕೆ ಹತ್ತಾರು ನಡೆಯುತ್ತಿದ್ದಾಗ, ಬತ್ತಿದ ಕೆನ್ನೆಯ, ಕುಳಿಬಿದ್ದ ಕಣ್ಣಿನ, ಸಣಕಲು ಮೈಕಟ್ಟಿನ ಸ್ಟ್ಯಾಂಟನ್ ಅವರಂಥವರಿಗೆ ಕೆಲಸ ಹುಡುಕಿಕೊಂಡು ಬರುತ್ತಿತ್ತು. ಒಬ್ಬನೇ ನಟ ಎರಡು ವರ್ಷ ಬಿಟ್ಟು ಅದೇ ಧಾರಾವಾಹಿಗೆ ಬೇರೊಬ್ಬ ಕಳ್ಳನಾಗಿ ಬಂದರೂ ತಕರಾರು ಮಾಡುವವರಿರಲಿಲ್ಲ. ಮನೆಯಲ್ಲಿ ಹಳೆಯ ಕಂತನ್ನು ಮತ್ತೆ ಹಾಕಿ ನೋಡುವ ಸೌಕರ್ಯವೇ ಆಗ ಇರಲಿಲ್ಲವಷ್ಟೆ. ಸ್ಟ್ಯಾಂಟನ್ ‘ಗನ್‌ಸ್ಮೋಕ್’ನಲ್ಲಿ ಹಲವು ಬಾರಿ, ಪ್ರತಿ ಸಲವೂ ಬೇರೆ ಬೇರೆ ಮನುಷ್ಯನಾಗಿ ಕಾಣಿಸಿಕೊಂಡರು. ‘ರಾಹೈಡ್’, ‘ಬೊನಾನ್ಜಾ’ಗಳಲ್ಲೂ ಇದ್ದರು.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. 1960ರಲ್ಲಿ ಅಮೆರಿಕದ ಚಲನಚಿತ್ರ ನಟರ ಸಂಘ ಮುಷ್ಕರ ಹೂಡಿತು. ಮುಂದೆ ದೇಶದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಆಗ ಸಂಘದ ಅಧ್ಯಕ್ಷರಾಗಿದ್ದರು. ಅಲ್ಲಿಂದ ಮುಂದೆ ತಯಾರಾಗುವ ಚಿತ್ರಗಳನ್ನು ಟೆಲಿವಿಷನ್ನಿಗೆ ಮಾರಿದಾಗ ನಟರಿಗೂ ಪಾಲು ಸಲ್ಲಬೇಕೆಂಬುದು ಒಪ್ಪಂದವಾಯಿತು. ಪಿಂಚಣಿ ಮತ್ತು ಆರೋಗ್ಯ ನಿಧಿಗೂ ಅದರಿಂದಲೇ ಹಾದಿಯಾಯಿತು. ತಾರೆಗಳಿಗಿಂತ ಹೆಚ್ಚಾಗಿ ಇದು ದಿನಗೂಲಿಯಲ್ಲೋ ವಾರದ ಸಂಬಳದಲ್ಲೋ ದುಡಿಯುತ್ತಿದ್ದ ಪೋಷಕ ನಟರ ಕೈಹಿಡಿಯಿತು. ಅಮೆರಿಕದಲ್ಲಿ ಸಣ್ಣ ಪಾತ್ರಗಳನ್ನೇ ಮಾಡಿಕೊಂಡು ವೃದ್ಧಾಪ್ಯದವರೆಗೆ ನಟರಾಗಿಯೇ ಉಳಿದವರು ಅಷ್ಟೊಂದು ಮಂದಿ ಸಿಗುವುದಕ್ಕೆ ಪ್ರತಿಭೆಯಷ್ಟೇ ಈ ಕರಾರುಪತ್ರಗಳೂ ಕಾರಣವೆಂದು ನಮ್ಮ ಎಣಿಕೆ.

ಪ್ರಶ್ನೆ: ಅವರ ಎರಡು ಮೂರು ಚಿತ್ರಗಳನ್ನು ನೋಡಿದೆ. ಅವರು ಏನನ್ನೂ ಮಾಡದೆ ಸುಮ್ಮನೆ ನಿಂತಿರುವಂತೆ ಕಾಣುತ್ತದೆ. ಇದನ್ನೂ ಅಭಿನಯವೆನ್ನಬಹುದೆ? (ನಿವೃತ್ತ ಅಧ್ಯಾಪಕರು, ಮೈಸೂರು)

ಎನ್ನಬಹುದು ಮಾತ್ರವಲ್ಲ, ಅವರು ಬೇಕೆಂದೇ ಕಲಿತದ್ದು ಅದನ್ನೇ. ಜ್ಯಾಕ್ ನಿಕಲ್ಸನ್ ಮತ್ತು ಸ್ಟ್ಯಾಂಟನ್ ಇಬ್ಬರೂ ಹೆಸರು ಮಾಡುವ ಮೊದಲಿನಿಂದ ಗೆಳೆಯರು. 1962ರಲ್ಲಿ ನಡೆದ ನಿಕಲ್ಸನ್ ಮದುವೆಯಲ್ಲಿ ವರನ ಪಕ್ಕ ನಿಂತವರು ಸ್ಟ್ಯಾಂಟನ್. ಮುಂದೆ ಕೆಲಕಾಲ ಇಬ್ಬರೂ ಒಂದೇ ಮನೆಯಲ್ಲಿದ್ದರು. 1960ರ ದಶಕದ ನಡುವಿನಲ್ಲಿ ನಿಕಲ್ಸನ್ ತಾವೇ ಬರೆದ ‘ರೈಡ್ ಇನ್ ದ ವರ್ಲ್‌ವಿಂಡ್’ ಎಂಬ ವೆಸ್ಟರ್ನ್ ಚಿತ್ರದಲ್ಲಿ ದರೋಡೆಕೋರರ ಮುಖಂಡನ ಪಾತ್ರವನ್ನು ಗೆಳೆಯನಿಗೆ ಕೊಟ್ಟು, ಒಂದು ಷರತ್ತು ಹಾಕಿದರಂತೆ: ನೀನು ಏನೂ ಮಾಡಕೂಡದು, ಅಭಿನಯವನ್ನು ತೊಟ್ಟ ಬಟ್ಟೆಗೆ ಬಿಟ್ಟುಬಿಡು, ನೀನು ನೀನಾಗಿರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ದರೋಡೆಕೋರನಿಗೆ ನಟ ಬೇರೆ ಹಲ್ಲು ಕಡಿಯುವ ಅಗತ್ಯವಿಲ್ಲವೆಂಬುದು ಅದರ ತಾತ್ಪರ್ಯ. ತಮ್ಮ ನಟನೆ ಬದಲಾದದ್ದು ಅಲ್ಲಿಂದಲೇ ಎಂದು ಸ್ಟ್ಯಾಂಟನ್ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಇದು ಹೇಗೆ ಕೆಲಸ ಮಾಡುತ್ತದೆಂಬುದನ್ನು 1979ರ ‘ಏಲಿಯನ್’ ಚಿತ್ರದಲ್ಲಿ ಚೆನ್ನಾಗಿ ಕಾಣಬಹುದು. ಪಾತ್ರಕ್ಕೆ ಕರೆದ ನಿರ್ದೇಶಕ ರಿಡ್ಲಿ ಸ್ಕಾಟ್ ಅವರಿಗೆ, ತಮಗೆ ವೈಜ್ಞಾನಿಕ ಕಲ್ಪನೆಯ ಚಿತ್ರಗಳೂ ರಾಕ್ಷಸ ಚಿತ್ರಗಳೂ ಹಿಡಿಸುವುದಿಲ್ಲವೆಂದು ಸ್ಟ್ಯಾಂಟನ್ ನೇರವಾಗಿ ಹೇಳಿದ್ದರು. ಏಳು ಮಂದಿಯ ಆ ವ್ಯೋಮನೌಕೆಯಲ್ಲಿ ಅವರದು ಬ್ರೆಟ್ ಎಂಬ ಮೆಕ್ಯಾನಿಕ್‌ನ ಪಾತ್ರ. ಯಾಫೆಟ್ ಕೋಟೊ ವಹಿಸಿದ ಪಾರ್ಕರ್ ಎಂಬ ಜೊತೆಗಾರ ಏನೇ ಹೇಳಲಿ, ಬ್ರೆಟ್ ‘ರೈಟ್’ ಎನ್ನುತ್ತಾನೆ. ನೀನು ಎಲ್ಲಕ್ಕೂ ‘ರೈಟ್’ ಎನ್ನುತ್ತೀಯಲ್ಲ ಎಂದು ನೌಕೆಯ ಅಧಿಕಾರಿ ರಿಪ್ಲಿ ಛೇಡಿಸಿದಾಗಲೂ ಅವನ ಉತ್ತರ ‘ರೈಟ್’. ಅಧಿಕಾರಿಗಳಿಗೆ ಸಿಗುವಷ್ಟು ಪಾಲು ತಮಗೂ ಸಿಗಬೇಕೆಂಬುದಷ್ಟೇ ಈ ಇಬ್ಬರ ಚಿಂತೆ. ಮುಂದೆ, ಅನ್ಯಗ್ರಹದ ಕೊಲೆಗಡುಕ ಜೀವಿಯೊಂದು ನೌಕೆಯಲ್ಲಿ ಅಡಗಿರುವಾಗ, ಬ್ರೆಟ್ ಹಡಗಿನ ಬೆಕ್ಕನ್ನು ಹುಡುಕುತ್ತ, ಸರಪಳಿಗಳು ತೂಗಾಡುವ ಕತ್ತಲೆಯ ಅಂಕಣಕ್ಕೆ ಒಬ್ಬನೇ ಬರುತ್ತಾನೆ. ಮೇಲಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಬೇರೊಬ್ಬ ನಟನಾಗಿದ್ದರೆ ಅತ್ತಿತ್ತ ಬೆಚ್ಚಿ ನೋಡಿ, ಬರಲಿರುವ ಆಪತ್ತನ್ನು ಪ್ರೇಕ್ಷಕರಿಗೆ ಮುಂಚಿತವಾಗಿ ಸಾರಿಬಿಡುತ್ತಿದ್ದ. ಸ್ಟ್ಯಾಂಟನ್ ಅವರ ಬ್ರೆಟ್ ಸೆಕೆಯಲ್ಲಿ ದುಡಿದು ದಣಿದ ಕೆಲಸಗಾರನಂತೆ ಆ ನೀರಿಗೆ ಮುಖವೊಡ್ಡಿ ನಿಂತುಬಿಡುತ್ತಾನೆ. ನಮಗೆ ಭಯವಾಗುವುದು ಅವನಿಗೆ ಆಗದಿರುವುದರಿಂದ. ಅಲ್ಲಿಯವರೆಗೆ ಆ ಹಡಗು ಚಿತ್ರದ ಸೆಟ್ ಆಗಿ ಕಂಡಿದ್ದರೆ, ಆ ಗಳಿಗೆಯಿಂದ ಅದೊಂದು ಕೆಲಸದ ಜಾಗವಾಗಿ ಕಾಣತೊಡಗುತ್ತದೆ.

ಪ್ರಶ್ನೆ: ‘ಪ್ಯಾರಿಸ್, ಟೆಕ್ಸಸ್’ ಚಿತ್ರದ ಮುಖ್ಯ ಪಾತ್ರ ಅವರಿಗೆ ಹೇಗೆ ದೊರೆಯಿತು? ಅದರಲ್ಲಿ ಅಂಥ ವಿಶೇಷವೇನು? (ಚಿತ್ರಸಮಾಜದ ಸದಸ್ಯರು, ಉಡುಪಿ)

ಚಿತ್ರವನ್ನು ಇನ್ನೂ ನೋಡದವರು ಈ ಉತ್ತರವನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು. ಕತೆಯನ್ನು ಮುಚ್ಚಿಟ್ಟು ಇದಕ್ಕೆ ಉತ್ತರಿಸಲಾಗದು.

1983ರಲ್ಲಿ ನ್ಯೂ ಮೆಕ್ಸಿಕೊದ ಸಾಂಟಾ ಫೆ ನಗರದ ಬಾರ್ ಒಂದರಲ್ಲಿ ಸ್ಟ್ಯಾಂಟನ್ ಮತ್ತು ನಾಟಕಕಾರ ಸ್ಯಾಮ್ ಶೆಪರ್ಡ್ ಮಾತಿಗೆ ಕುಳಿತರು. ಸಿಗುತ್ತಿರುವ ಪಾತ್ರಗಳಿಂದ ಬೇಸತ್ತಿರುವುದಾಗಿಯೂ, ಸೌಂದರ್ಯವೋ ಸೂಕ್ಷ್ಮತೆಯೋ ಇರುವ ಯಾವುದಾದರೂ ಪಾತ್ರವನ್ನು ಮಾಡಬೇಕೆಂದಿರುವುದಾಗಿಯೂ ಸ್ಟ್ಯಾಂಟನ್ ಹೇಳಿಕೊಂಡರು. ಪಾತ್ರ ಕೇಳುವ ಉದ್ದೇಶ ಅವರಿಗಿರಲಿಲ್ಲ. ಶೆಪರ್ಡ್ ಆಗ ವೆಂಡರ್ಸ್ ಅವರಿಗಾಗಿ ಚಿತ್ರಕತೆ ಬರೆಯುತ್ತಿದ್ದರು. ಕೆಲವು ದಿನಗಳ ನಂತರ ಫೋನ್ ಮಾಡಿ ಅದರ ಮುಖ್ಯ ಪಾತ್ರ ನಿಮ್ಮದೆಂದರು. ಆಗ ಸ್ಟ್ಯಾಂಟನ್ ಅವರಿಗೆ 57 ವರ್ಷ.

ಟ್ರಾವಿಸ್ ಎಂಬುವನು ನಾಲ್ಕು ವರ್ಷ ಕಣ್ಮರೆಯಾಗಿದ್ದು, ಟೆಕ್ಸಸ್‌ನ ಮರುಭೂಮಿಯಿಂದ ಕಾಲ್ನಡಿಗೆಯಲ್ಲಿ ಹೊರಬರುತ್ತಾನೆ. ಧೂಳು ಹಿಡಿದ ಕೋಟು, ಕೆಂಪು ಟೋಪಿ, ಕೈಯಲ್ಲಿ ಖಾಲಿಯಾದ ನೀರಿನ ಕ್ಯಾನು. ಸುಮಾರು ಇಪ್ಪತ್ತೈದು ನಿಮಿಷ ಅವನು ತುಟಿಪಿಟಕ್ಕೆನ್ನುವುದಿಲ್ಲ. ಕರೆದೊಯ್ಯಲು ಬಂದ ತಮ್ಮ (ನಟ ಡೀನ್ ಸ್ಟಾಕ್‌ವೆಲ್) ಕಾರಿನಲ್ಲಿ ಒಬ್ಬನೇ ಮಾತಾಡಿ ಮಾತಾಡಿ ಸೋಲುತ್ತಾನೆ. ಮುಖ್ಯ ಪಾತ್ರಧಾರಿಯ ಮೌನವನ್ನು ಅಷ್ಟು ಹೊತ್ತು ಸಹಿಸಿಕೊಳ್ಳುವಂತೆ ಪ್ರೇಕ್ಷಕರನ್ನು ಒಲಿಸುವುದು ಸುಲಭದ ಮಾತಲ್ಲ. ಮೂವತ್ತು ವರ್ಷ ಪರದೆಯ ಮೂಲೆಯಲ್ಲಿ, ಹೆಚ್ಚಿನ ಮಾತಿಲ್ಲದ ಪಾತ್ರಗಳಲ್ಲಿ ನಿಂತು ರೂಢಿಯಾದವರಿಗೆ ಅದು ಸಾಧ್ಯವಾಯಿತು. ನಾಯಕನ ಪಟ್ಟ ಸಿಕ್ಕಿತೆಂದು ಸ್ಟ್ಯಾಂಟನ್ ತಮ್ಮ ಬಗೆಯನ್ನು ಬದಲಿಸಿಕೊಳ್ಳಲಿಲ್ಲ. ಸಣ್ಣ ಪಾತ್ರಗಳಲ್ಲಿ ಮಾಡುತ್ತಿದ್ದುದನ್ನೇ ಎರಡೂವರೆ ಗಂಟೆಯ ಉದ್ದಕ್ಕೂ ಮಾಡಿದರು.

ಮಗನನ್ನು ಶಾಲೆಯಿಂದ ಕರೆತರುವ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ಏಳೆಂಟು ವರ್ಷದ ಹಂಟರ್ ಈ ಅಪರಿಚಿತ ತಂದೆಯ ಜೊತೆ ನಡೆಯಲು ಒಪ್ಪುವುದಿಲ್ಲ. ಟ್ರಾವಿಸ್ ಒತ್ತಾಯಿಸದೆ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಾನೆ. ಮಗ ಈಚೆ ಬದಿಯಲ್ಲಿ. ಒಬ್ಬರ ನಡಿಗೆಯನ್ನು ಇನ್ನೊಬ್ಬರು ಅಣಕಿಸುತ್ತ, ಕದ್ದು ನೋಡುತ್ತ, ಮಾತಿಲ್ಲದೆಯೇ ಸಲಿಗೆ ಬೆಳೆಸಿಕೊಳ್ಳುತ್ತಾರೆ. ಎದೆಗವಚಿಕೊಂಡು ಅಳುವ ದೃಶ್ಯವೊಂದನ್ನು ಅಲ್ಲಿ ಇಟ್ಟುಬಿಡುವ ಆಸೆ ಯಾವ ನಿರ್ದೇಶಕನಿಗಾದರೂ ಆಗುತ್ತಿತ್ತು.

ಕೊನೆಗೆ ಮಾತು ಬರುವುದು ಹ್ಯೂಸ್ಟನ್‌ನಲ್ಲಿ. ಬಿಟ್ಟುಹೋದ ಹೆಂಡತಿ ಜೇನ್ (ನಟಿ ನಸ್ತಾಸ್ಯಾ ಕಿನ್‌ಸ್ಕಿ) ಗಂಡಸರು ಹಣ ತೆತ್ತು ಹೆಂಗಸರನ್ನು ಗಾಜಿನಾಚೆ ನೋಡುವ ಅಡ್ಡೆಯೊಂದರಲ್ಲಿದ್ದಾಳೆ. ಗಾಜು ಅವಳ ಕಡೆಯಿಂದ ಕನ್ನಡಿ. ಅವನಿಗೆ ಅವಳು ಕಾಣುತ್ತಾಳೆ, ಅವಳಿಗೆ ಅವನು ಕಾಣುವುದಿಲ್ಲ. ನಡುವೆ ಟೆಲಿಫೋನು ಮಾತ್ರ. ಟ್ರಾವಿಸ್ ಕುರ್ಚಿಯನ್ನು ತಿರುಗಿಸಿ ಅವಳಿಗೆ ಬೆನ್ನುಹಾಕಿ ಕುಳಿತು, ತಮ್ಮಿಬ್ಬರ ಕತೆಯನ್ನೇ ಯಾರೋ ಬೇರೆ ಇಬ್ಬರ ಕತೆಯೆಂಬಂತೆ ಹೇಳತೊಡಗುತ್ತಾನೆ. ತನ್ನ ಮತ್ಸರ, ಕುಡಿತ, ಅವಳನ್ನು ಕಟ್ಟಿಹಾಕಿದ್ದು, ಹೊತ್ತಿ ಉರಿದ ಮನೆ, ಎಲ್ಲವನ್ನೂ ಏರಿಳಿತವಿಲ್ಲದ ದನಿಯಲ್ಲಿ. ಯಾರ ಕತೆಯೆಂದು ಅವಳಿಗೆ ಹೊಳೆಯುವುದು ಅವಳ ಮುಖದಲ್ಲಿ ಕಾಣುತ್ತದೆಯೇ ಹೊರತು ಅವನ ದನಿಯಲ್ಲಿ ಅಲ್ಲ. ಬಳಿಕ ಅವಳ ಕೋಣೆಯ ದೀಪ ಆರಿಸುವಂತೆ ಹೇಳಿ, ತನ್ನ ಕಡೆಯ ದೀಪವನ್ನು ತನ್ನ ಮುಖಕ್ಕೆ ತಿರುಗಿಸುತ್ತಾನೆ. ಚಿತ್ರೀಕರಣ ಆರಂಭವಾದಾಗ ಚಿತ್ರಕತೆ ಪೂರ್ತಿಯಾಗಿರಲಿಲ್ಲ. ಕೊನೆಯ ಭಾಗದ ಮಾತುಗಳನ್ನು ಶೆಪರ್ಡ್ ದೂರದಿಂದ ಫೋನಿನಲ್ಲಿ ಹೇಳಿ ಬರೆಸಿದರು ಎಂಬುದನ್ನು ತಿಳಿದ ಮೇಲೆ, ಆ ದೀರ್ಘ ಸ್ವಗತವನ್ನು ಅಷ್ಟು ಹದವಾಗಿ ದಾಟಿಸಿದ ನಟನ ಬಗೆಗೆ ಗೌರವ ಇಮ್ಮಡಿಯಾಗುತ್ತದೆ.

ಪ್ರಶ್ನೆ: ಈ ಪಾತ್ರಕ್ಕೆ ಆಸ್ಕರ್ ಬಂತೆ? (ವಿದ್ಯಾರ್ಥಿನಿ, ಹಾಸನ)

ಇಲ್ಲ. ಚಿತ್ರ 1984ರ ಕಾನ್ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯಾದ ‘ಪಾಮ್ ದೋರ್’ ಪಡೆಯಿತು. ಸ್ಟ್ಯಾಂಟನ್ ಅವರಿಗೆ ಜೀವಮಾನದಲ್ಲಿ ಒಮ್ಮೆಯೂ ಆಸ್ಕರ್ ನಾಮನಿರ್ದೇಶನ ಸಹ ದೊರೆಯಲಿಲ್ಲ.

ಪ್ರಶ್ನೆ: ಸ್ಟ್ಯಾಂಟನ್ ಇರುವ ಯಾವ ಚಿತ್ರವೂ ಕೆಟ್ಟದಾಗಿರದು ಎಂಬ ನಿಯಮವೊಂದಿದೆಯಂತೆ, ನಿಜವೆ? (ಓದುಗರೊಬ್ಬರು, ಬೆಂಗಳೂರು)

ಅದು ಷಿಕಾಗೊದ ಚಿತ್ರವಿಮರ್ಶಕ ರೋಜರ್ ಎಬರ್ಟ್ ವಿನೋದಕ್ಕೆ ಮಾಡಿದ ‘ಸ್ಟ್ಯಾಂಟನ್-ವಾಲ್ಷ್ ನಿಯಮ’. ಹ್ಯಾರಿ ಡೀನ್ ಸ್ಟ್ಯಾಂಟನ್ ಅಥವಾ ಎಂ. ಎಮ್ಮೆಟ್ ವಾಲ್ಷ್ ಪೋಷಕ ಪಾತ್ರದಲ್ಲಿರುವ ಚಿತ್ರ ಪೂರ್ತಿ ಕೆಟ್ಟದಾಗಿರಲಾರದು ಎಂಬುದು ಅದರ ಒಕ್ಕಣೆ. 1999ರಲ್ಲಿ ವಾಲ್ಷ್ ನಟಿಸಿದ ‘ವೈಲ್ಡ್ ವೈಲ್ಡ್ ವೆಸ್ಟ್’ ಬಂದಾಗ ನಿಯಮ ಮುರಿದುಬಿತ್ತೆಂದು ಎಬರ್ಟ್ ಅವರೇ ಬರೆದರು. ನಿಯಮ ಹುಸಿಯಾದರೂ ಅದರೊಳಗಿನ ಗಮನ ಸರಿಯಾದುದೇ: ಇಂಥ ನಟರು ಬಂದ ಎರಡು ನಿಮಿಷ ಮಾತ್ರ ಚಿತ್ರದ ಊರಿನಲ್ಲಿ ನಿಜವಾದ ಮನುಷ್ಯರು ವಾಸಿಸುತ್ತಿದ್ದಾರೆಂಬ ನಂಬಿಕೆ ಹುಟ್ಟುತ್ತದೆ. ಈ ಇಬ್ಬರೂ ಒಟ್ಟಿಗೆ ಇರುವ 1978ರ ‘ಸ್ಟ್ರೇಟ್ ಟೈಮ್’ ಅನ್ನು ಆಸಕ್ತರು ಹುಡುಕಿ ನೋಡಬಹುದು.

ಪ್ರಶ್ನೆ: ಅಷ್ಟು ದೊಡ್ಡ ಹೆಸರು ಬಂದ ಮೇಲೂ ಮತ್ತೆ ಸಣ್ಣ ಪಾತ್ರಗಳಿಗೇ ಹೋದರೇಕೆ? ಇದು ಅವರಿಗೆ ಆದ ಅನ್ಯಾಯವಲ್ಲವೆ? (ಓದುಗರೊಬ್ಬರು, ಕಲಬುರಗಿ)

ಅನ್ಯಾಯವೆಂದು ನಾವು ಭಾವಿಸುವುದಿಲ್ಲ. ನಾಯಕ ಪಾತ್ರ ಸಿಗದವರು ಪೋಷಕ ನಟರಾಗುತ್ತಾರೆಂಬ ಎಣಿಕೆ ಈ ಪ್ರಶ್ನೆಯ ಹಿಂದಿದೆ. ಸ್ಟ್ಯಾಂಟನ್ ಅವರ ಮಟ್ಟಿಗೆ 1984 ಒಂದು ಹುದ್ದೆಯ ಬಡ್ತಿಯಾಗಿರಲಿಲ್ಲ. ಅದೇ ವರ್ಷ ‘ರೆಪೊ ಮ್ಯಾನ್’ ಚಿತ್ರದಲ್ಲಿ, ಸಾಲ ತೀರಿಸದವರ ಕಾರುಗಳನ್ನು ಎತ್ತಿಕೊಂಡು ಹೋಗುವ, ಆ ಕಸುಬಿಗೂ ಒಂದು ಧರ್ಮಸಂಹಿತೆಯಿದೆಯೆಂದು ಹುಡುಗನಿಗೆ ಉಪದೇಶಿಸುವ ಬಡ್ ಎಂಬುವನಾದರು. 1986ರ ‘ಪ್ರಿಟಿ ಇನ್ ಪಿಂಕ್’ನಲ್ಲಿ ಕೆಲಸ ಕಳೆದುಕೊಂಡು ಕುಗ್ಗಿದ ತಂದೆ. 1988ರಲ್ಲಿ ಮಾರ್ಟಿನ್ ಸ್ಕೊರ್ಸೇಸಿ ಅವರ ಚಿತ್ರದಲ್ಲಿ ಸಂತ ಪೌಲ. 2006ರಿಂದ ಎಚ್‌ಬಿಒ ವಾಹಿನಿಯ ‘ಬಿಗ್ ಲವ್’ ಧಾರಾವಾಹಿಯಲ್ಲಿ ಬಹುಪತ್ನೀಕ ಪಂಥವೊಂದರ ‘ಪ್ರವಾದಿ’ ರೋಮನ್ ಗ್ರಾಂಟ್. ಎಂಬತ್ತರ ಅಂಚಿನ ಆ ಮುದುಕನ ಮೆಲುದನಿಯೇ ಬೆದರಿಕೆಯಾಗಿತ್ತು.

ಪಾತ್ರದ ಅಳತೆಗೂ ಅದರ ತೂಕಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಡೇವಿಡ್ ಲಿಂಚ್ ನಿರ್ದೇಶನದ, 1999ರ ‘ದ ಸ್ಟ್ರೇಟ್ ಸ್ಟೋರಿ’ ಸಾಕು. ನಿಜವಾಗಿ ನಡೆದ ಕತೆಯದು. ವೃದ್ಧ ಆಲ್ವಿನ್, ಜಗಳವಾಡಿ ದೂರವಾಗಿದ್ದ ಅಣ್ಣ ಲೈಲ್‌ಗೆ ಪಾರ್ಶ್ವವಾಯು ಬಡಿದಿದೆಯೆಂದು ಕೇಳಿ, ಹುಲ್ಲು ಕತ್ತರಿಸುವ ಯಂತ್ರವನ್ನೇರಿ ಅಯೋವಾ ರಾಜ್ಯದಿಂದ ವಿಸ್ಕಾನ್ಸಿನ್‌ಗೆ 240 ಮೈಲಿ ಪ್ರಯಾಣ ಮಾಡುತ್ತಾನೆ. ಚಿತ್ರದುದ್ದಕ್ಕೂ ನಾವು ಕಾಯುವುದು ಆ ಲೈಲ್‌ನನ್ನು. ಕಟ್ಟಕಡೆಗೆ ಮುರುಕು ಮನೆಯ ಬಾಗಿಲಿನಿಂದ ನಡೆಯಲು ನೆರವಾಗುವ ಚೌಕಟ್ಟಿನ (ವಾಕರ್) ಆಸರೆಯಲ್ಲಿ ಸ್ಟ್ಯಾಂಟನ್ ಹೊರಬರುತ್ತಾರೆ. ಇಷ್ಟು ದೂರವೂ ಇದರ ಮೇಲೆಯೇ ಬಂದೆಯಾ ಎಂದು ಕೇಳುತ್ತಾರೆ. ಹೌದೆಂದು ಉತ್ತರ ಬರುತ್ತದೆ. ಅಣ್ಣನ ಕಣ್ಣು ಆ ಯಂತ್ರದ ಕಡೆಗೆ ಹೊರಳಿ, ತುಂಬಿಬರುತ್ತದೆ. ಅವರ ಪಾತ್ರ ಅಷ್ಟೇ. ಎದುರಿಗಿದ್ದ ರಿಚರ್ಡ್ ಫಾರ್ನ್ಸ್‌ವರ್ತ್ ಕೂಡ ಸಾಹಸ ಕಲಾವಿದರಾಗಿ ಆರಂಭಿಸಿ ದಶಕಗಳ ಕಾಲ ಹೆಸರಿಲ್ಲದೆ ದುಡಿದವರು. ಈ ಚಿತ್ರಕ್ಕೆ 79ರ ವಯಸ್ಸಿನಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದರು. ಎರಡು ತಾಸಿನ ಭಾರವನ್ನು ಹೊರುವ ಆ ಒಂದು ದೃಶ್ಯಕ್ಕೆ ಜನಪ್ರಿಯ ತಾರೆಯೊಬ್ಬರನ್ನು ತಂದು ನಿಲ್ಲಿಸಿದ್ದರೆ ನಾವು ತಾರೆಯನ್ನು ನೋಡುತ್ತಿದ್ದೆವು, ಅಣ್ಣನನ್ನಲ್ಲ.

ಪ್ರಶ್ನೆ: ಅವರ ಕೊನೆಯ ದಿನಗಳ ಬಗ್ಗೆ ತಿಳಿಸುವಿರಾ? (ಓದುಗರೊಬ್ಬರು, ಶಿವಮೊಗ್ಗ)

2017ರ ಸೆಪ್ಟೆಂಬರ್ 15ರಂದು ಲಾಸ್ ಏಂಜಲೀಸ್‌ನಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮದುವೆಯಾಗಿರಲಿಲ್ಲ. ಕೊನೆಯವರೆಗೂ ಕೆಲಸದಲ್ಲಿದ್ದರು, ಆ ವರ್ಷವೇ ಲಿಂಚ್ ಅವರ ‘ಟ್ವಿನ್ ಪೀಕ್ಸ್’ ಧಾರಾವಾಹಿಯ ಹೊಸ ಕಂತುಗಳಲ್ಲಿ ಕಾಣಿಸಿಕೊಂಡಿದ್ದರು. ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದ ‘ಲಕ್ಕಿ’ ಎಂಬ ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಬಂದದ್ದು ಅವರು ತೀರಿಕೊಂಡ ಎರಡು ವಾರಕ್ಕೆ. ಅದರ ನಿರ್ದೇಶಕ ಜಾನ್ ಕ್ಯಾರೊಲ್ ಲಿಂಚ್ ಸ್ವತಃ ಪೋಷಕ ನಟ; ಡೇವಿಡ್ ಲಿಂಚ್ ಅವರ ಸಂಬಂಧಿಯಲ್ಲ. ಡೇವಿಡ್ ಲಿಂಚ್ ಈ ಚಿತ್ರದಲ್ಲಿ, ಸಾಕಿದ ಆಮೆ ಓಡಿಹೋಯಿತೆಂದು ಕೊರಗುವ ಮನುಷ್ಯನ ಪಾತ್ರ ಮಾಡಿದ್ದಾರೆ.

ಮೊದಲ ಉತ್ತರದಲ್ಲಿ ಹೇಳಿದ ಓಕಿನಾವಾ ಇಲ್ಲಿಗೆ ಬರುತ್ತದೆ. ದೇವರನ್ನು ನಂಬದ, 90ರ ವಯಸ್ಸಿನ ಲಕ್ಕಿ ಹಿಂದೆ ನೌಕಾಪಡೆಯ ಅಡುಗೆಯವನು. ಉಪಾಹಾರಗೃಹವೊಂದರಲ್ಲಿ ಅವನಿಗೆ ಪೆಸಿಫಿಕ್ ರಣರಂಗದಲ್ಲಿದ್ದ ಇನ್ನೊಬ್ಬ ಮುದಿ ಸೈನಿಕ ಸಿಗುತ್ತಾನೆ. ಆ ಪಾತ್ರ ಮಾಡಿದವರು ಟಾಮ್ ಸ್ಕೆರಿಟ್, ‘ಏಲಿಯನ್’ ಚಿತ್ರದಲ್ಲಿ ಅದೇ ನೌಕೆಯ ಕ್ಯಾಪ್ಟನ್ ಆಗಿದ್ದವರು. ಸ್ಕೆರಿಟ್ ಯುದ್ಧದ ಕತೆ ಹೇಳುತ್ತಾರೆ, ಸ್ಟ್ಯಾಂಟನ್ ಬಹುಮಟ್ಟಿಗೆ ಕೇಳುತ್ತಾರೆ. ಕೇಳುವುದೂ ನಟನ ಕೆಲಸವೆಂದು ತಿಳಿಯಬಯಸುವ ರಂಗಾಸಕ್ತರು ಈ ಒಂದು ದೃಶ್ಯವನ್ನು ಎರಡು ಬಾರಿ ನೋಡಬೇಕು; ಒಮ್ಮೆ ಸ್ಕೆರಿಟ್ ಅವರಿಗಾಗಿ, ಇನ್ನೊಮ್ಮೆ ಎದುರಿಗೆ ಕುಳಿತವರಿಗಾಗಿ.

ಪ್ರಶ್ನೆ: ಅವರು ಹಾಡುತ್ತಿದ್ದರೆಂಬುದು ನಿಜವೆ? (ಓದುಗರೊಬ್ಬರು, ಸಾಗರ)

ನಿಜ. ತಮ್ಮದೇ ವಾದ್ಯತಂಡ ಕಟ್ಟಿಕೊಂಡು ಲಾಸ್ ಏಂಜಲೀಸ್‌ನ ಸಣ್ಣ ಸಭಾಂಗಣಗಳಲ್ಲಿ ಹಾಡುತ್ತಿದ್ದರು, ಹಾರ್ಮೋನಿಕಾ ನುಡಿಸುತ್ತಿದ್ದರು. 1967ರ ‘ಕೂಲ್ ಹ್ಯಾಂಡ್ ಲ್ಯೂಕ್’ನಲ್ಲಿ ಕೈದಿಯಾಗಿ ಗಿಟಾರ್ ಹಿಡಿದು ಹಾಡಿರುವುದೂ ಅವರೇ. ಸೋಫಿ ಹ್ಯೂಬರ್ ಅವರ 2012ರ ಸಾಕ್ಷ್ಯಚಿತ್ರದಲ್ಲಿ ಮಾತಿಗಿಂತ ಹಾಡಿನಲ್ಲೇ ಅವರು ಹೆಚ್ಚು ತೆರೆದುಕೊಳ್ಳುತ್ತಾರೆ. ಅದೇ ಚಿತ್ರದಲ್ಲಿ, ಜನ ನಿಮ್ಮನ್ನು ಹೇಗೆ ನೆನೆಯಬೇಕೆಂದು ಡೇವಿಡ್ ಲಿಂಚ್ ಕೇಳಿದಾಗ, ಅದರಿಂದ ಏನೂ ಆಗಬೇಕಾದ್ದಿಲ್ಲವೆಂಬ ಅರ್ಥದ ಚುಟುಕು ಉತ್ತರ ಕೊಟ್ಟು ಸುಮ್ಮನಾಗುತ್ತಾರೆ.

ಪ್ರಶ್ನೆ: ಹೊಸಬರು ಯಾವ ಚಿತ್ರದಿಂದ ಆರಂಭಿಸಬೇಕು? (ಹಲವರು)

‘ಏಲಿಯನ್’ನಿಂದ ಆರಂಭಿಸಿ, ಬಳಿಕ ‘ಪ್ಯಾರಿಸ್, ಟೆಕ್ಸಸ್’, ‘ದ ಸ್ಟ್ರೇಟ್ ಸ್ಟೋರಿ’, ಕೊನೆಗೆ ‘ಲಕ್ಕಿ’. ಮೊದಲೇ ನೋಡಿರುವ ‘ಗಾಡ್‌ಫಾದರ್’ ಎರಡನೆಯ ಭಾಗವನ್ನು ಮತ್ತೊಮ್ಮೆ ಹಾಕಿದರೆ, ಸಾಕ್ಷಿ ಹೇಳಬೇಕಾದ ಪೆಂಟಾಂಜೆಲಿಯನ್ನು ಕಾಯುವ ಎಫ್‌ಬಿಐ ಸಿಬ್ಬಂದಿಯಲ್ಲೊಬ್ಬರಾಗಿ ಅವರು ಸಿಗುತ್ತಾರೆ. ಹಳೆಯ ಟೆಲಿವಿಷನ್ ಕಂತುಗಳಲ್ಲಿ ಹುಡುಕುವವರಿಗೆ ಒಂದು ಸೂಚನೆ: ಹ್ಯಾರಿ ಸ್ಟ್ಯಾಂಟನ್ ಎಂಬ ಇನ್ನೊಬ್ಬ ನಟ ಆಗ ಇದ್ದುದರಿಂದ, ಗೊಂದಲವಾಗದಿರಲೆಂದು ಇವರು ಬಹುಕಾಲ ಡೀನ್ ಸ್ಟ್ಯಾಂಟನ್ ಎಂಬ ಹೆಸರಿನಲ್ಲಿ ನಟಿಸಿದರು. ‘ಗನ್‌ಸ್ಮೋಕ್’ ಕಾಲದ ಪಾತ್ರವರ್ಗದ ಪಟ್ಟಿಯಲ್ಲಿ ಆ ಹೆಸರನ್ನೇ ನೋಡಬೇಕು, ಅದೂ ಸಾಮಾನ್ಯವಾಗಿ ಪಟ್ಟಿಯ ಕೆಳಭಾಗದಲ್ಲಿ.